ತೊಗರಿಯ ಬಳುಕು ಅಳೆಯಲು ಜರ್ಮನಿಗೆ ಹೋದದ್ದು

ವಾಡಿ ಜಂಕ್ಷನ್

ಜರ್ಮನಿಯಲ್ಲಿ ಏನೇನು ನೋಡಿದಿರಿ ಎಂದು ಸೇಡಮಿನಲ್ಲಿ ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತೇನೆ: ಒಂದು ಅಯಸ್ಕಾಂತ ನೋಡಿದೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಅವರಿಗೆ ಕೋಟೆ ಬೇಕು, ಹಿಮ ಬೇಕು, ಏನಿಲ್ಲವೆಂದರೂ ಒಂದು ಚಾಕಲೇಟು ಅಂಗಡಿಯಾದರೂ ಬೇಕು. ನಾನು ಆರು ವಾರ ಇದ್ದದ್ದು ಒಂದು ಸಣ್ಣ ಊರಿನಲ್ಲಿ, ಅದರಲ್ಲೂ ಹೆಚ್ಚಿನ ಹೊತ್ತು ಒಂದು ನೆಲಮಾಳಿಗೆಯಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿರುವ ಒಂದೇ ಒಂದು ಪ್ರಯೋಗಾಲಯ ಯಾವುದೆಂದು ಗೊತ್ತಾಗಿ ಅಲ್ಲಿನ ಪ್ರೊಫೆಸರರಿಗೆ ಮುಜುಗರವಾದೀತು.

ನನ್ನ ಹೆಸರು ಸುವರ್ಣಾ. ಸೇಡಮಿನ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನಮ್ಮ ಯಜಮಾನರು ಶರಣಪ್ಪ ಸಿಮೆಂಟು ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ಒಂಬತ್ತು ವರ್ಷದ ಹಿಂದೆ ಯಾವ ಗಳಿಗೆಯಲ್ಲೋ ಪಿಎಚ್‌.ಡಿ.ಗೆ ಹೆಸರು ಹಚ್ಚಿದೆ. ವಿಷಯ ತೊಗರಿ. ತೊಗರಿ ಕಾಳಿನಲ್ಲಿ ಒಂದು ಪ್ರೋಟೀನು ಇದೆ, ಸಾವಿರದಷ್ಟು ಪರಮಾಣುಗಳು ಸೇರಿ ಆದ ದೊಡ್ಡ ಅಣು. ಅದಕ್ಕೊಂದು ತೋಳು. ನಮ್ಮ ಹೊಟ್ಟೆಯ ಜೀರ್ಣರಸ ಬೇಳೆಯನ್ನು ಅರಗಿಸಲು ಬಂದಾಗ ಈ ಅಣು ತನ್ನ ತೋಳಿನಿಂದ ಅದನ್ನು ಹಿಡಿದು ಕೂಡಿಸಿಬಿಡುತ್ತದೆ. ಅರೆಬೆಂದ ಬೇಳೆ ತಿಂದು ಹೊಟ್ಟೆ ಹಿಡಿದುಕೊಂಡವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ನನ್ನ ಪ್ರಶ್ನೆ ಇಷ್ಟೇ: ಹಾಗೆ ಹಿಡಿಯುವ ತೋಳು ಬಳುಕುತ್ತದೆಯೋ, ಇಲ್ಲ ಕಲ್ಲಿನಂತೆ ನೆಟ್ಟಗಿರುತ್ತದೆಯೋ.

ಪ್ರಶ್ನೆ ಎಂದೆ, ಆದರೆ ಉತ್ತರ ಮೊದಲೇ ಮಂಜೂರಾಗಿತ್ತು. ನೋಂದಣಿಯ ದಿನ ನಮ್ಮ ಗೈಡ್ ಸರ್ ಅವಸರದಲ್ಲಿ ಪ್ರಬಂಧದ ಶೀರ್ಷಿಕೆಯನ್ನು ‘ತೊಗರಿ ಪ್ರೋಟೀನಿನ ಬಳುಕುವ ತೋಳಿನ ಅಧ್ಯಯನ’ ಎಂದು ಬರೆದುಬಿಟ್ಟಿದ್ದರು. ಶೀರ್ಷಿಕೆ ಬದಲಿಸಬೇಕೆಂದರೆ ಸಮಿತಿ ಕೂಡಬೇಕು. ಸಮಿತಿ ಕೂಡಬೇಕೆಂದರೆ ಅದಕ್ಕೆ ಅಧ್ಯಕ್ಷರಿರಬೇಕು. ಅಧ್ಯಕ್ಷರ ಹುದ್ದೆ ಖಾಲಿ. ಹೀಗಾಗಿ ವಿಶ್ವವಿದ್ಯಾಲಯ ಬಾಗುವಂತಿರಲಿಲ್ಲ, ಅಣುವೇ ಬಾಗಬೇಕಿತ್ತು. ನನಗೆ ಕೊಟ್ಟಿದ್ದ ಕೊನೆಯ ಅವಧಿ ಆ ವರ್ಷದ ಕೊನೆಗೆ ಮುಗಿಯುತ್ತಿತ್ತು. ತೋಳಿನ ಬಳುಕನ್ನು ಅಳೆದು ತಂದರೆ ಕೊನೆಯ ಅಧ್ಯಾಯ ಬರೆದು ಡಾಕ್ಟರ್ ಸುವರ್ಣಾ ಆಗುತ್ತೇನೆ. ಇಲ್ಲವಾದರೆ ನೋಂದಣಿ ರದ್ದು.

ಅಳೆಯುವ ಯಂತ್ರ ನಮ್ಮ ಕಡೆ ಇಲ್ಲ. ಜರ್ಮನಿಯ ಪ್ರೊಫೆಸರ್ ಒಬ್ಬರಿಗೆ ಬರೆದೆ. ಉಳಿದವರೆಲ್ಲ ಇಂಥ ಪ್ರೋಟೀನನ್ನು ಬ್ಯಾಕ್ಟೀರಿಯಾದಿಂದ ಮಾಡಿಸುತ್ತಾರೆ, ನೀವು ಹೊಲದಲ್ಲಿ ಬೆಳೆದ ಕಾಳಿನಿಂದಲೇ ತೆಗೆದಿದ್ದೀರಿ, ಬನ್ನಿ, ಯಂತ್ರ ಹತ್ತು ದಿನ ನಿಮ್ಮದು ಎಂದು ಅವರು ಉತ್ತರ ಕೊಟ್ಟರು. ಆ ಹೊಲ ಗುಂಡಗುರ್ತಿಯ ನಮ್ಮ ಮನೆಯವರದ್ದು. ಅತ್ತೆ ನೀಲಮ್ಮ ಅಲ್ಲಿ ನನ್ನ ಮೈದುನನ ಸಂಸಾರದ ಜೊತೆ ಇದ್ದಾರೆ. ಮಾತ್ರವಲ್ಲ, ಆ ಸಂಸಾರವನ್ನು ಆಳುತ್ತಿದ್ದಾರೆ. ‘ಏನೂ ಮಾಡಬ್ಯಾಡ್ರಿ ಅತ್ತಿ, ರಾಶಿ ಮಾಡಿದ್ದು ಹಂಗೇ ಕೊಡ್ರಿ’ ಎಂದು ನಾಲ್ಕು ಸಲ ಹೇಳಿ ತರಿಸಿದ್ದೆ. ಒಳ್ಳೆ ಕೆಂಪನೆಯ, ದುಂಡನೆಯ ಕಾಳು ಬಂತು. ತಿಂಗಳುಗಟ್ಟಲೆ ನೆನೆಹಾಕಿ, ರುಬ್ಬಿ, ಸೋಸಿ, ಒಣಗಿಸಿ ಕಿರುಬೆರಳಷ್ಟು ಉದ್ದದ ಐದು ಕೊಳವೆಗಳಲ್ಲಿ ಬಿಳಿ ಪುಡಿ ಮಾಡಿಕೊಂಡೆ.

ವಾಡಿಯಲ್ಲಿ ಮುಂಬೈ ಗಾಡಿ ಹತ್ತಿಸಲು ಅತ್ತೆಯೂ ಬಂದಿದ್ದರು, ನಲವತ್ತು ಕಡಕ್ ರೊಟ್ಟಿಯ ಗಂಟಿನೊಂದಿಗೆ.

‘ಅಲ್ಲಿ ಮಂದಿ ಏನ್ ತಿಂತಾರೋ ಏನೋ. ದಿನಾ ಒಂದೊಂದು ತಿನ್ನು. ಮತ್ತ ನಮ್ಮ ತೊಗರಿ ಹೆಸರು ಉಳಿಸ್ಕೊಂಡ್ ಬಾ’ ಎಂದರು.

‘ತೊಗರಿಗಿ ಏನಾಗ್ತದ ಬಿಡವ್ವ’ ಎಂದರು ಶರಣಪ್ಪ. ‘ಹೆಸರು ಹೋದ್ರ ಇಕಿದೇ ಹೋಗ್ತದ.’

ಮೂವರ ಸೀಟಿನಲ್ಲಿ ಆಗಲೇ ಐವರಿದ್ದರು. ಥೋಡೆ ಸರೀರಿ ಎಂದೆ. ಸರಿದರು. ಆರನೆಯವಳಾಗಿ ಕುಳಿತು ನಾನು ವಿದೇಶ ಪ್ರಯಾಣ ಶುರು ಮಾಡಿದೆ.

ವಿಮಾನ ನಿಲ್ದಾಣ

ಬಿಳಿ ಪುಡಿಯೊಂದಿಗೆ ಪರದೇಶಕ್ಕೆ ಇಳಿಯುವುದು ಎಂಥ ಕೆಲಸ ಎಂದು ಹೇಳಬೇಕಿಲ್ಲ. ಶರಣಪ್ಪ ಅದಕ್ಕೆ ತಯಾರಿ ಮಾಡಿಸಿದ್ದರು. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪತ್ರ, ಅದರ ಮೇಲೆ ಪ್ರಾಂಶುಪಾಲರ ಮುದ್ರೆ, ಗೈಡ್ ಸರ್ ಮುದ್ರೆ, ಚಿತ್ತಾಪುರದಲ್ಲಿರುವ ಅವರ ಪರಿಚಯದ ಗೆಜೆಟೆಡ್ ಅಧಿಕಾರಿಯ ಮುದ್ರೆ. ಜಾಗ ಉಳಿದಿದೆಯಲ್ಲ ಎಂದು ನಮ್ಮ ಗ್ರಂಥಾಲಯದವರು ಕೂಡ ಒಂದು ಗೋಲು ಮುದ್ರೆ ಒತ್ತಿಕೊಟ್ಟಿದ್ದರು.

ಜರ್ಮನಿಯ ಕಸ್ಟಮ್ಸ್ ಅಧಿಕಾರಿ ಕೊಳವೆ ಎತ್ತಿ ಬೆಳಕಿಗೆ ಹಿಡಿದ. ಇದೇನು ಎಂದ. ತೊಗರಿ ಎಂದೆ. ಪತ್ರ ಕೊಟ್ಟೆ. ಅವನು ಮುದ್ರೆಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ನನಗೆ ಹೊಟ್ಟೆ ಉರಿಯಿತು. ಎರಡು ಸಾಲು ಓದಿ, ಕಂಪ್ಯೂಟರಿನಲ್ಲಿ ಪ್ರೊಫೆಸರರ ಪತ್ರ ನೋಡಿ, ಕೊಳವೆಗಳನ್ನು ತಿರುಗಿ ಕೊಟ್ಟ. ಆಮೇಲೆ ಅವನ ಕಣ್ಣು ರೊಟ್ಟಿಯ ಗಂಟಿನ ಮೇಲೆ ಬಿತ್ತು. ಒಂದು ರೊಟ್ಟಿ ತೆಗೆದು ಎರಡೂ ಕಡೆ ತಟ್ಟಿ ನೋಡಿ, ಇದು ಯಾವ ವಾದ್ಯ ಎಂದು ಕೇಳಿದ. ಅದಕ್ಕೆ ಮಾತ್ರ ನನ್ನ ಹತ್ತಿರ ಪತ್ರ ಇರಲಿಲ್ಲ.

ಊರಿಗೆ ಹೋಗುವ ರೈಲಿನಲ್ಲಿ ನನ್ನ ಪಕ್ಕದ ಸೀಟು ಖಾಲಿ. ಒಬ್ಬ ಮುದುಕರು ಎರಡು ಗಂಟೆ ನಿಂತೇ ಬಂದರು. ಕುಳಿತುಕೊಳ್ಳಿ ಎಂದೆ. ಆ ಸೀಟು ಮುಂದಿನ ನಿಲ್ದಾಣದಿಂದ ಬೇರೆಯವರಿಗೆ ಕಾಯ್ದಿರಿಸಿದೆ ಎಂದು ಸಣ್ಣ ಫಲಕ ತೋರಿಸಿದರು. ಮುಂದಿನ ನಿಲ್ದಾಣದಲ್ಲಿ ಯಾರೂ ಬರಲಿಲ್ಲ. ಅವರು ಕುಳಿತುಕೊಳ್ಳಲೂ ಇಲ್ಲ. ನಮ್ಮವರಿಗೆ ಈ ದೇಶದಲ್ಲಿ ಬದುಕು ಕಷ್ಟ ಎಂದು ಅಲ್ಲೇ ಗೊತ್ತಾಯಿತು.

ಹೆಲ್ಗಾಬಾಯಿಯ ಮನೆ

ನಾನಿದ್ದ ಕೋಣೆ ಹೆಲ್ಗಾ ಎಂಬ ಎಪ್ಪತ್ತರ ಹೆಂಗಸಿನ ಮನೆಯ ಮಹಡಿಯಲ್ಲಿ. ಮನಸ್ಸಿನಲ್ಲಿ ನಾನು ಆಕೆಯನ್ನು ಹೆಲ್ಗಾಬಾಯಿ ಎಂದೇ ಕರೆಯುತ್ತಿದ್ದೆ. ಮನೆಯಲ್ಲಿ ಕಸಕ್ಕೆ ನಾಲ್ಕು ಡಬ್ಬಿ, ನಾಲ್ಕು ಬಣ್ಣ. ಎರಡನೆಯ ದಿನ ನಾನು ಎಸೆದಿದ್ದ ಒಂದು ಚಹಾ ಚೀಲವನ್ನು ಆಕೆ ತಟ್ಟೆಯಲ್ಲಿಟ್ಟುಕೊಂಡು ಬಂದು ಬಾಗಿಲು ಬಡಿದರು. ಎಲೆ ಒಂದು ಡಬ್ಬಿಗೆ, ಚೀಟಿ ಇನ್ನೊಂದಕ್ಕೆ, ನಡುವಿನ ತಂತಿಯ ಪಿನ್ನು ಮತ್ತೊಂದಕ್ಕೆ. ದಾರ ಎಲ್ಲಿಗೆ ಎಂದು ಕೇಳಿದೆ. ಆಕೆ ಮರುದಿನ ಬೆಳಿಗ್ಗೆ ವಿಚಾರಿಸಿಕೊಂಡು ಬಂದು ಹೇಳಿದರು.

ರೊಟ್ಟಿಯನ್ನು ಆಕೆ ತಟ್ಟೆ ಎಂದು ತಿಳಿದು ಅದರ ಮೇಲೆ ಕೇಕು ಇಟ್ಟು ತಂದದ್ದೂ ಉಂಟು. ನಾನು ಕೇಕಿನ ಜೊತೆ ತಟ್ಟೆಯನ್ನೂ ತಿಂದೆ. ಅಂದಿನಿಂದ ಆಕೆಗೆ ನನ್ನ ಮೇಲೆ ಗೌರವ ಹೆಚ್ಚಾಯಿತು, ಯಾಕೆಂದರೆ ಕಸವೇ ಉಳಿಯಲಿಲ್ಲ.

ಅಯಸ್ಕಾಂತದ ಕೋಣೆ

ಪ್ರೊಫೆಸರ್ ಕ್ಲಾವ್ಸ್ ಎತ್ತರದ, ತೆಳ್ಳನೆಯ ಮನುಷ್ಯ. ಮೊದಲ ದಿನವೇ ನನ್ನನ್ನು ಹೆಸರು ಹಿಡಿದು ಕರೆ ಎಂದರು. ನನ್ನಿಂದ ಆಗಲಿಲ್ಲ. ಸರ್ ಎಂದರೆ ಅವರಿಗೆ ಕಸಿವಿಸಿ, ಕ್ಲಾವ್ಸ್ ಎಂದರೆ ನನಗೆ. ಆರು ವಾರ ನಾನು ಅವರ ಎದುರಿಗೆ ಹೋಗಿ ನಿಂತು ಗಂಟಲು ಸರಿಮಾಡಿಕೊಂಡೇ ಮಾತು ಶುರು ಮಾಡಿದೆ. ನನಗೆ ಶೀತವಾಗಿದೆ ಎಂದು ಅವರು ಔಷಧಿ ತಂದುಕೊಟ್ಟರು.

ಅವರ ಪ್ರಯೋಗಾಲಯದ ಕಸುಬೇ ದೊಡ್ಡ ಅಣುಗಳ ಒಳಗಿನ ಬಳುಕು. ಪುಸ್ತಕದ ಚಿತ್ರದಲ್ಲಿ ಅಣುಗಳು ಫೋಟೋಕ್ಕೆ ನಿಂತವರಂತೆ ಸೆಟೆದುಕೊಂಡಿರುತ್ತವೆ, ನಿಜದಲ್ಲಿ ಅವು ಒಂದು ಗಳಿಗೆ ಸುಮ್ಮನಿರುವುದಿಲ್ಲ. ಯಾವ ಭಾಗ ಎಷ್ಟು ಅಲುಗಾಡುತ್ತದೆ ಎನ್ನುವುದರ ಮೇಲೆ ಅದರ ಕೆಲಸ ನಿಂತಿದೆ. ಇದನ್ನು ಅರಿಯಲು ಅಲ್ಲಿ ಎರಡು ದಾರಿ. ಒಂದು ಅಳೆಯುವುದು, ಇನ್ನೊಂದು ಕಂಪ್ಯೂಟರಿನಲ್ಲಿ ಅಣುವಿನ ಮಾದರಿ ಕಟ್ಟಿ ಅಲುಗಾಡಿಸಿ ನೋಡುವುದು.

ಅಳೆಯುವ ಯಂತ್ರ ನೆಲಮಾಳಿಗೆಯಲ್ಲಿತ್ತು, ಎರಡಾಳೆತ್ತರದ ಬಿಳಿ ಅಯಸ್ಕಾಂತ. ಪುಡಿಯನ್ನು ನೀರಿನಲ್ಲಿ ಕರಗಿಸಿ ಅದರ ಹೊಟ್ಟೆಗೆ ಇಳಿಸಿ ರೇಡಿಯೋ ಅಲೆಯಿಂದ ಒಂದು ಪೆಟ್ಟು ಕೊಟ್ಟರೆ ಪರಮಾಣುಗಳು ಮಿಡಿಯುತ್ತವೆ. ಆ ಮಿಡಿತ ಎಷ್ಟು ಬೇಗ ಅಡಗುತ್ತದೆ ಎಂದು ಕೇಳಿಸಿಕೊಳ್ಳಬೇಕು. ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಮಾರುವವರು ಬೆರಳ ಗೆಣ್ಣಿನಿಂದ ಬಡಿದು, ಖಣ್ ಎಂದರೆ ಗಟ್ಟಿ ಕಲ್ಲು, ಬದ್ ಎಂದರೆ ಒಳಗೆ ಸಡಿಲ ಎನ್ನುತ್ತಾರಲ್ಲ, ಹಾಗೆ. ನಾನು ಹುಡುಕುತ್ತಿದ್ದ ನಿಧಾನದ ಬಳುಕು ಇದ್ದ ಕಡೆ ಮಿಡಿತ ಬೇಗ ಅಡಗುತ್ತದೆ.

ಕೋಣೆಯ ಬಾಗಿಲಲ್ಲಿ ಕಬ್ಬಿಣ ಒಳಗೆ ತರಬೇಡಿ ಎಂದು ಫಲಕ. ಭಾರತದ ಮರ್ಯಾದೆ ಎಂದು ಗೈಡ್ ಸರ್ ಹೇಳಿದ್ದಕ್ಕೆ ನಾನು ಮೊದಲ ದಿನ ಸೀರೆ ಉಟ್ಟು ಹೋಗಿದ್ದೆ. ಬೀಗದ ಕೈ ತೆಗೆದಿಟ್ಟೆ, ಹೇರ್‌ಪಿನ್ನು ತೆಗೆದಿಟ್ಟೆ. ಸೇಫ್ಟಿ ಪಿನ್ನು ಇದೆಯೇ ಎಂದರು. ಹದಿಮೂರು ಇದ್ದವು. ಒಂದೊಂದಾಗಿ ತೆಗೆದು ಬಟ್ಟಲಿಗೆ ಹಾಕುತ್ತ ಹೋದಂತೆ ಸೆರಗು ಇಳಿಯಿತು, ನೆರಿಗೆ ಜಾರಿತು. ಕೊನೆಗೆ ಭಾರತದ ಮರ್ಯಾದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದೆ. ಮರುದಿನದಿಂದ ಚೂಡಿದಾರ.

ಮಾದರಿ ಕಟ್ಟುವವನ ಹೆಸರು ಯೋನಾಸ್. ಮೂವತ್ತರ ಹತ್ತಿರದ, ಮಾತು ಕಡಿಮೆಯ ಸಂಶೋಧಕ. ಪರಮಾಣುಗಳನ್ನು ಗುಂಡುಗಳೆಂದೂ ಅವುಗಳ ನಡುವಿನ ಸೆಳೆತವನ್ನು ಸ್ಪ್ರಿಂಗುಗಳೆಂದೂ ಇಟ್ಟುಕೊಂಡು ಅವನು ನನ್ನ ತೊಗರಿ ಅಣುವನ್ನು ನಾನು ಬರುವ ಮೂರು ತಿಂಗಳ ಮೊದಲೇ ಕಂಪ್ಯೂಟರಿನಲ್ಲಿ ಕಟ್ಟಿದ್ದ.

‘ನನ್ನ ಲೆಕ್ಕದಲ್ಲಿ ತೋಳು ಗಟ್ಟಿ ಇದೆ, ಬಳುಕುವುದಿಲ್ಲ’ ಎಂದ.

‘ಬಳುಕುತ್ತದೆ’ ಎಂದೆ ನಾನು. ಶೀರ್ಷಿಕೆಯ ವಿಷಯ ಅವನಿಗೆ ಹೇಳಲಿಲ್ಲ.

ಅವನ ಜೊತೆ ಸಂಜೆ ನಡೆದು ಹೋಗುವಾಗ ದಾರಿಯಲ್ಲೊಂದು ಸಿಗ್ನಲ್. ಎರಡೂ ಕಡೆ ಕಣ್ಣು ಹಾಯುವವರೆಗೆ ಒಂದು ಸೈಕಲ್ಲೂ ಇರುವುದಿಲ್ಲ. ಕೆಂಪು ದೀಪ ಇರುವವರೆಗೆ ಯೋನಾಸ್ ನಿಂತಿರುತ್ತಿದ್ದ, ಮಳೆ ಬಂದರೂ. ಸೇಡಮಿನ ಬಸ್‌ಸ್ಟ್ಯಾಂಡಿನ ಮುಂದೆ ಒಂದೇ ಒಂದು ದಿನ ಇವನನ್ನು ನಿಲ್ಲಿಸಿದರೆ ಏನಾದೀತು ಎಂದುಕೊಂಡು ನಾನೂ ನೆನೆಯುತ್ತ ನಿಲ್ಲುತ್ತಿದ್ದೆ.

ಯಂತ್ರದ ಐದನೆಯ ದಿನ

ತೋಳು ಬಳುಕಿತು. ಅಳತೆಯಲ್ಲಿ ಸ್ಪಷ್ಟವಾಗಿ ಕಂಡಿತು. ಅಣುವಿನ ಉಳಿದ ಭಾಗ ಖಣ್ ಎನ್ನುತ್ತಿದ್ದರೆ ತೋಳು ಬದ್ ಎನ್ನುತ್ತಿತ್ತು. ಮಿಡಿತ ಎಷ್ಟು ಬೇಗ ಅಡಗಿತ್ತೆಂದರೆ ಪ್ರೊಫೆಸರರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಇಂಥ ಗಾತ್ರದ ಅಣುವಿನಲ್ಲಿ ಇಷ್ಟು ಬಳುಕನ್ನು ತಾವು ನೋಡಿಲ್ಲ ಎಂದರು. ನನಗೆ ಕುಣಿಯಬೇಕೆನಿಸಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಪ್ರಬಂಧಕ್ಕೂ ಅದರ ಶೀರ್ಷಿಕೆಗೂ ಸಂಬಂಧ ಬಂದಿತ್ತು.

ಮಧ್ಯಾಹ್ನ ಕೇಕು ಕತ್ತರಿಸಿದರು. ಆಮೇಲೆ ಪ್ರೊಫೆಸರರು ಯೋನಾಸನ ಕಡೆ ತಿರುಗಿ, ನಿನ್ನ ಮಾದರಿ ಅಳತೆಗೆ ಹೊಂದುತ್ತಿಲ್ಲ, ತೋಳಿನ ಬುಡದ ಸ್ಪ್ರಿಂಗುಗಳನ್ನು ಸಡಿಲ ಮಾಡು ಎಂದರು. ಯಾವ ಆಧಾರದ ಮೇಲೆ ಎಂದು ಅವನು ಕೇಳಿದ. ಹೊಂದುವವರೆಗೆ ಎಂದರು. ಇದಕ್ಕೆ ಅವರ ಭಾಷೆಯಲ್ಲಿ ನಾಲ್ಕು ಮೊಳದ ಒಂದು ಘನವಾದ ಪದವಿದೆ. ನಮ್ಮ ಕಡೆ ಅಡ್ಜಸ್ಟ್ ಮಾಡೂದು ಎನ್ನುತ್ತೇವೆ. ಖಾಲಿ ಸೀಟಿನಲ್ಲಿ ಕೂಡದ ದೇಶದಲ್ಲಿ ಇದನ್ನು ಕೇಳಿ ನನಗೆ ಮನೆಗೆ ಬಂದಂತೆ ಆಯಿತು.

ಖುಷಿ ತಡೆಯಲಾಗದೆ ಅಲ್ಲಿಂದಲೇ ಮನೆಗೆ ಫೋನ್ ಮಾಡಿದೆ. ಅಲ್ಲಿ ಸಂಜೆಯ ಹೊತ್ತು. ಅತ್ತೆ ಸೇಡಮಿಗೆ ಬಂದಿದ್ದರು, ಫೋನ್ ಅವರೇ ಎತ್ತಿದರು.

‘ಅತ್ತಿ, ನಿಮ್ಮ ತೊಗರಿ ಭಾಳ ಹೆಸರು ಮಾಡ್ಯಾದ ಇಲ್ಲಿ. ಪ್ರೊಫೆಸರ್ ಸಾಹೇಬರು ಇಂಥಾದು ನೋಡೇ ಇಲ್ಲ ಅನ್ಲಿಕತ್ತಾರ.’

‘ನೋಡಿರ್ತಾರೇನು ಅವರು’ ಎಂದರು ಅತ್ತೆ. ‘ಅದಕ್ಕ ನಾ ಎಷ್ಟ್ ಮಾಡೀನಿ ನಿನಗೇನ್ ಗೊತ್ತು. ನೀ ಹಂಗೇ ಕೊಡ್ರಿ ಅಂದಿ. ಪರದೇಶಕ್ಕ ಹೋಗೂ ಕಾಳು ಹಂಗೇ ಹ್ಯಾಂಗ ಕೊಡ್ಲಿ? ನೆನಿಸಿ, ಕೆಮ್ಮಣ್ಣು ಹಚ್ಚಿ, ಮೂರು ದಿನ ಬಿಸಲಿಗಿ ಹಾಕಿ, ಜರಡಿ ಹಿಡದು, ಬಟ್ಟಿಲಿ ಒರಸಿ ಕೊಟ್ಟೀನಿ. ಹುಳ ಬಿದ್ದೀತೇನ್ ಅದಕ್ಕ?’

ನಮ್ಮ ಕಡೆ ಮನೆಗೆ ಇಟ್ಟುಕೊಳ್ಳುವ ತೊಗರಿಗೆಲ್ಲ ಕೆಮ್ಮಣ್ಣು ಹಚ್ಚುವುದು ರೂಢಿ. ಹುಳ ಬೀಳುವುದಿಲ್ಲ, ಬೇಳೆ ಒಡೆಸುವಾಗ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಕೆಮ್ಮಣ್ಣು ಕೆಂಪಾಗಿರುವುದು ಅದರಲ್ಲಿರುವ ಕಬ್ಬಿಣದಿಂದ. ಇದನ್ನು ನಾನೇ ಪ್ರತಿ ವರ್ಷ ಮೊದಲ ಸೆಮಿಸ್ಟರಿಗೆ ಕಲಿಸುತ್ತೇನೆ.

‘ಹಲೋ, ಲೈನ್ ಹೋಯ್ತೇನು?’ ಎಂದರು ಅತ್ತೆ.

‘ಇಲ್ರಿ ಅತ್ತಿ, ಇದ್ದೀನಿ’ ಎಂದೆ.

ಮೂರು ದಿನ

ಸೀರೆಯ ಪಿನ್ನುಗಳನ್ನೆಲ್ಲ ಬಾಗಿಲಲ್ಲಿ ಕಳಚಿಟ್ಟು ನಾನು ಕಬ್ಬಿಣವನ್ನು ಕೊಳವೆಯ ಒಳಗೇ ಒಯ್ದಿದ್ದೆ. ಒಂದೊಂದು ಕಬ್ಬಿಣದ ಕಣವೂ ಒಂದು ಪುಟ್ಟ ಅಯಸ್ಕಾಂತ. ಅದು ಪಕ್ಕದಲ್ಲಿ ಕುಳಿತರೆ ಪರಮಾಣುವಿನ ಮಿಡಿತ ತಟ್ಟನೆ ಅಡಗುತ್ತದೆ, ಬಳುಕು ಇರಲಿ ಇಲ್ಲದಿರಲಿ. ಕಲ್ಲಿನ ಮೇಲೆ ಒದ್ದೆ ಗೋಣಿ ಹಾಸಿ ಬಡಿದರೆ ಎಂಥ ಗಟ್ಟಿ ಫರ್ಸಿಯೂ ಬದ್ ಎನ್ನುತ್ತದೆ. ನಾಲ್ಕು ಸಲ ಸೋಸಿದ್ದರೂ ಕಾಳು ನೆನೆಯುವಾಗ ಒಳಹೊಕ್ಕ ಕಬ್ಬಿಣ ಅಷ್ಟಿಷ್ಟು ಅಂಟಿಕೊಂಡು ಬಂದು ತೋಳಿನ ಬುಡದಲ್ಲಿ ಕುಳಿತಿರಬೇಕು. ಇರಬೇಕು, ಅಷ್ಟೇ. ಖಚಿತವಿಲ್ಲ. ಪರೀಕ್ಷಿಸುವುದೇನು ಕಷ್ಟವಲ್ಲ. ಕಬ್ಬಿಣವನ್ನು ಹಿಡಿದಿಡುವ ಒಂದು ಉಪ್ಪು ಇದೆ, ಚಿಟಿಕೆ ಹಾಕಿ ಇನ್ನೊಮ್ಮೆ ಅಳೆದರೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ನಾನು ಹಾಕಲಿಲ್ಲ. ಶುಕ್ರವಾರ ಸುಮ್ಮನಿದ್ದೆ, ಶನಿವಾರವೂ ಸುಮ್ಮನಿದ್ದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಆ ಎರಡು ದಿನ ನಾನು ಕೊನೆಯ ಅಧ್ಯಾಯದ ಹನ್ನೊಂದು ಪುಟ ಬರೆದೆ. ಚೆನ್ನಾಗಿಯೇ ಬಂದಿತ್ತು. ಮಣ್ಣಿನ ಸುದ್ದಿ ಗೊತ್ತಿರುವುದು ಜಗತ್ತಿನಲ್ಲಿ ಇಬ್ಬರಿಗೆ, ಅವರಲ್ಲಿ ಒಬ್ಬರಿಗೆ ಅದು ಸುದ್ದಿಯೇ ಅಲ್ಲ. ನಡುವೆ ಗೈಡ್ ಸರ್‌ಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

‘ಅತ್ತಿಗಿ ಫೋನ್ ಮಾಡು ಅಂತ ನಿನಗ ಯಾರ್ ಹೇಳಿದ್ರಮ್ಮ?’ ಎಂದರು.

‘ಸರ್, ಇನ್ನೊಮ್ಮಿ ಅಳದು ನೋಡಬೇಕಲ್ರಿ.’

‘ಯಾಕ ನೋಡಬೇಕು? ಬಳುಕ್ಯಾದಲ್ಲ. ಅಳತಿ ನೀ ಮಾಡಿಲ್ಲ, ಮಷಿನ್ ಮಾಡ್ಯಾದ. ಫಿಕರ್ ಮಾಡಬ್ಯಾಡ, ಬರಕೊಂಡ್ ಸೀದಾ ಬಂದುಬಿಡು.’

ಭಾನುವಾರ ಮಧ್ಯಾಹ್ನ ಹೆಲ್ಗಾಬಾಯಿಯ ಮನೆಯ ಹತ್ತಿರದ ಉದ್ಯಾನದಲ್ಲಿ ಯೋನಾಸ್ ಸಿಕ್ಕಿದ. ಬೆಂಚಿನ ಮೇಲೆ ಕುಳಿತಿದ್ದ. ನಾನು ರೊಟ್ಟಿ ಮುರಿದು ಕೊಟ್ಟೆ. ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದ.

‘ಮಾದರಿ ಹೊಂದಿತು. ಸ್ಪ್ರಿಂಗುಗಳನ್ನು ಇನ್ನು ಸಡಿಲ ಮಾಡಿದರೆ ತೋಳು ಕಳಚಿ ಬೀಳುತ್ತದೆ, ಅಷ್ಟು ಮಾಡಿದ್ದೇನೆ.’

‘ಒಳ್ಳೇದಾಯಿತು’ ಎಂದೆ. ನನ್ನ ಧ್ವನಿ ನನಗೇ ಹಿಡಿಸಲಿಲ್ಲ.

‘ಮೊದಲಿನ ಲೆಕ್ಕವನ್ನು ನಾನು ಆರು ಸಲ ಪರೀಕ್ಷೆ ಮಾಡಿದ್ದೆ. ಒಂದು ತಪ್ಪೂ ಸಿಗಲಿಲ್ಲ. ಈಗಲೂ ಸಿಗುತ್ತಿಲ್ಲ. ತಪ್ಪು ಇಲ್ಲದ ಕಡೆ ತಪ್ಪು ಮಾಡಿದ್ದೇನೆ ಎಂದರೆ ನನಗೆ ಈ ಕೆಲಸ ಬರುವುದಿಲ್ಲ ಎಂದರ್ಥ. ಬೇರೆ ಕೆಲಸ ನೋಡಿಕೊಳ್ಳುತ್ತೇನೆ ಎಂದು ನಾಳೆ ಕ್ಲಾವ್ಸ್‌ಗೆ ಹೇಳಬೇಕೆಂದಿದ್ದೇನೆ.’

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇನ್ನೊಂದು ದಿನ ಸುಮ್ಮನಿರುತ್ತಿದ್ದೆನೋ ಏನೋ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರು ಉತ್ತರ ಸರಿ ಬರೆದು, ನಾನು ಅವಸರದಲ್ಲಿ ಕೆಂಪು ಗೆರೆ ಎಳೆದಾಗ ಹೀಗೇ ನೋಡುತ್ತಾರೆ. ತಮ್ಮದೇ ತಪ್ಪಿರಬೇಕು ಎಂದುಕೊಂಡು ಕಾಗದ ಮಡಚಿ ಹೋಗುತ್ತಾರೆ. ನನಗೆ ತಡೆಯಲಾಗಲಿಲ್ಲ.

‘ಯೋನಾಸ್, ನನ್ನ ಅತ್ತೆ ಕಾಳಿಗೆ ಮಣ್ಣು ಹಚ್ಚಿದ್ದಾರೆ’ ಎಂದೆ.

ಅವನಿಗೆ ಮೊದಲು ತಿಳಿಯಲಿಲ್ಲ. ನೆನೆಸುವುದು, ಹಚ್ಚುವುದು, ಒಣಗಿಸುವುದು ಎಲ್ಲ ವಿವರಿಸಿದೆ. ಮಣ್ಣಿನ ಬಣ್ಣ ಹೇಳಿದೆ. ಅವನ ಕೈಯಲ್ಲಿದ್ದ ರೊಟ್ಟಿ ಚೂರುಚೂರಾಯಿತು. ಎದ್ದವನೇ ಪ್ರಯೋಗಾಲಯದ ಕಡೆ ಹೊರಟ. ನಾನು ಹಿಂದೆ ಓಡಿದೆ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಇತ್ತು, ಯೋನಾಸ್ ನೋಡದೆ ದಾಟಿಬಿಟ್ಟ. ಆ ದೇಶದಲ್ಲಿ ಇದಕ್ಕಿಂತ ದೊಡ್ಡ ಭಾವೋದ್ವೇಗ ನಾನು ಕಂಡಿಲ್ಲ.

ಚಿಟಿಕೆ ಉಪ್ಪು

ಸೋಮವಾರ ಸಂಜೆಗೆ ಅಳತೆ ಮುಗಿಯಿತು. ಉಪ್ಪು ಹಾಕಿದ ಮೇಲೆ ತೋಳೂ ಖಣ್ ಎಂದಿತು, ಎಲ್ಲೂ ಸಡಿಲವಿಲ್ಲ. ಯೋನಾಸನ ಮೊದಲಿನ ಮಾದರಿಯನ್ನು ಅದರ ಮೇಲೆ ಇಟ್ಟರೆ ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ನನ್ನ ತೊಗರಿ ಬಾಗುವ ಪೈಕಿಯದಲ್ಲ. ಹೊಟ್ಟೆಯ ರಸ ಎಷ್ಟೇ ತಿಣುಕಲಿ, ಅದು ಹಿಡಿದದ್ದು ಹಿಡಿದದ್ದೇ.

ಪ್ರೊಫೆಸರರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕಾಲು ಗಂಟೆ ನೋಡಿದರು. ಬೈಯುತ್ತಾರೆ ಎಂದು ನಾನು ತಯಾರಾಗಿದ್ದೆ.

‘ಯಾವ ಮಣ್ಣು?’ ಎಂದು ಕೇಳಿದರು.

‘ನಮ್ಮ ಊರಿನ ಕೆಮ್ಮಣ್ಣು.’

‘ಒಂದು ಚಮಚ ಕಳಿಸಿ.’ ಆಮೇಲೆ ಯೋನಾಸನ ಕಡೆ ತಿರುಗಿ, ‘ಸ್ಪ್ರಿಂಗುಗಳನ್ನು ಮೊದಲಿನಂತೆ ಮಾಡು’ ಎಂದರು, ಕಿಟಕಿ ಹಾಕು ಎನ್ನುವ ಹಾಗೆ. ಹೋದ ಗುರುವಾರ ಸಡಿಲ ಮಾಡು ಎಂದವರು ತಾವೇ ಎಂಬ ನೆನಪು ಅವರ ಮುಖದಲ್ಲಿ ಎಲ್ಲೂ ಕಾಣಲಿಲ್ಲ. ಈ ವಿಷಯದಲ್ಲಿ ನಮ್ಮ ದೇಶದ ಪ್ರೊಫೆಸರರಿಗೂ ಆ ದೇಶದವರಿಗೂ ಏನೂ ಭೇದವಿಲ್ಲ ಎಂದು ಸಮಾಧಾನವಾಯಿತು.

ಯೋನಾಸ್ ಥ್ಯಾಂಕ್ಸ್ ಎಂದು ಕೂಡ ಹೇಳಲಿಲ್ಲ. ಮರುದಿನ ನನ್ನ ಮೇಜಿನ ಮೇಲೆ ಒಂದು ಪುಟ್ಟ ಡಬ್ಬಿ ಇತ್ತು. ಒಳಗೆ, ನಾನು ಮೊದಲ ದಿನ ಬಾಗಿಲಲ್ಲಿ ಮರೆತು ಬಂದಿದ್ದ ಹದಿಮೂರು ಸೇಫ್ಟಿ ಪಿನ್ನು, ಎಣಿಸಿ, ಸಾಲಾಗಿ ಚುಚ್ಚಿಟ್ಟಿದ್ದ.

ಗುಂಡಗುರ್ತಿ

ಊರಿಗೆ ಬಂದೆ. ಕೊನೆಯ ಅಧ್ಯಾಯದ ಹನ್ನೊಂದು ಪುಟ ಹರಿದು ಹಾಕಿ, ತೋಳು ಬಾಗುವುದಿಲ್ಲ ಎಂದು ಹೊಸದಾಗಿ ಬರೆದು ಕೊಟ್ಟೆ. ಶೀರ್ಷಿಕೆಗೂ ಪ್ರಬಂಧಕ್ಕೂ ತಾಳೆ ಇಲ್ಲ ಎಂದು ಅದು ವಾಪಸ್ ಬಂತು. ಶೀರ್ಷಿಕೆ ಬದಲಿಸಲು ಅರ್ಜಿ ಕೊಟ್ಟೆ. ಸಮಿತಿ ಕೂಡಲಿಲ್ಲ. ವರ್ಷ ಮುಗಿಯಿತು, ನನ್ನ ನೋಂದಣಿಯೂ ಮುಗಿಯಿತು. ನಮ್ಮ ಮೂವರ ಹೆಸರಿನ ಲೇಖನ ಪ್ರಕಟವಾಯಿತು ಎನ್ನುವುದು ನಿಜ, ಆದರೆ ಅದನ್ನು ಹೆಸರಿನ ಹಿಂದೆ ಹಾಕಿಕೊಳ್ಳಲು ಬರುವುದಿಲ್ಲ. ಮನೆಯಲ್ಲಿ ಶರಣಪ್ಪನವರ ಹೊರತು ಯಾರ ಮುಂದೆಯೂ ನಾನು ಈ ಬಗ್ಗೆ ಮಾತೇ ತೆಗೆಯಲಿಲ್ಲ. ಒಳಗೊಳಗೆ ಬಹಳ ನೋವಾಗಿತ್ತು.

ರಾಶಿ ಮುಗಿದು ಕೆಲವು ತಿಂಗಳಾದ ಮೇಲೆ ಗುಂಡಗುರ್ತಿಗೆ ಹೋದೆ. ಅತ್ತೆ ನೀರು ಕೊಟ್ಟು ಒಳಗೆ ಹೋಗಿ ಒಂದು ತಗಡಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಬಂದು ನನ್ನ ಮುಂದೆ ಇಟ್ಟರು.

‘ಶರಣ್ಯಾ ಎಲ್ಲಾ ಹೇಳ್ಯಾನ’ ಎಂದರು. ಮಗನನ್ನು ಅವರು ಕರೆಯುವುದು ಹಾಗೇ. ‘ನನ್ನ ಮಣ್ಣಿನ ಸಲುವಾಗಿ ನಿನ್ನ ಡಾಕ್ಟರಿಕಿ ಹೋಯ್ತಂತ. ನೀ ನನಗ ಒಂದ್ ಮಾತ್ ಅಂದಿಲ್ಲ. ಅಂದಿದ್ರ ಚೊಲೋ ಇತ್ತು.’

‘ಹಂಗಲ್ರಿ ಅತ್ತಿ.’

‘ಇದು ಈ ವರ್ಷದ್ದು. ರಾಶಿ ಮಾಡಿದ್ದು ಹಂಗೇ ಇಟ್ಟೀನಿ. ಮಣ್ಣು ಮುಟ್ಟಿಸಿಲ್ಲ, ನೀರು ಮುಟ್ಟಿಸಿಲ್ಲ, ಯಾರಿಗೂ ಕೈ ಹಚ್ಚಗೊಟ್ಟಿಲ್ಲ. ತೊಗೊಂಡ್ ಹೋಗು. ಇನ್ನೊಮ್ಮಿ ಅಳೀರಂತ ಹೇಳು ಅವರಿಗಿ.’

ಮುಚ್ಚಳ ತೆಗೆದರು. ಒಳಗಿನಿಂದ ಸಣ್ಣ ಕಂದು ಹುಳಗಳು ಹಾರಿದವು. ಕಾಳಿನ ಮೇಲೆಲ್ಲ ಬಿಳಿ ಹಿಟ್ಟು. ಕೈ ಹಾಕಿ ಒಂದು ಹಿಡಿ ಎತ್ತಿದರೆ ಮುಕ್ಕಾಲು ಕಾಳಿಗೆ ಗುಂಡಗೆ ತೂತು. ನಲವತ್ತು ವರ್ಷದ ಸಂಸಾರದಲ್ಲಿ ಅತ್ತೆಯ ಮನೆಯ ತೊಗರಿಗೆ ಹುಳ ಬಿದ್ದದ್ದು ಅದೇ ಮೊದಲು. ಹುಳ ಬೀಳುತ್ತದೆ ಎಂದು ಗೊತ್ತಿದ್ದೂ ಅವರು ಮಣ್ಣು ಹಚ್ಚಿರಲಿಲ್ಲ.

ನನಗೆ ಅಳು ಬಂತು. ಅವರ ಪಕ್ಕದಲ್ಲಿ ಕುಳಿತು, ಮಣ್ಣು ಇಲ್ಲದಿದ್ದರೂ ಅದು ಬಾಗುತ್ತಿರಲಿಲ್ಲ ಎಂದೆ. ಅದರ ಗುಣವೇ ಅದು. ಮಣ್ಣು ಹಚ್ಚದಿದ್ದರೆ ಮೊದಲ ದಿನವೇ ಗೊತ್ತಾಗಿಬಿಡುತ್ತಿತ್ತು. ನಿಮ್ಮ ಮಣ್ಣಿನಿಂದ ನಾನು ಒಂದು ಮಧ್ಯಾಹ್ನದ ಮಟ್ಟಿಗಾದರೂ ಡಾಕ್ಟರ್ ಆಗಿದ್ದೆ, ಕೇಕು ಸಹ ತಿಂದೆ ಎಂದೆ. ಇದು ಸಮಾಧಾನದ ಮಾತಲ್ಲ, ರಸಾಯನಶಾಸ್ತ್ರ. ಅವರು ನಂಬಲಿಲ್ಲ. ಸೊಸೆ ತನ್ನ ಮನಸ್ಸು ನೋಯಬಾರದೆಂದು ಸುಳ್ಳು ಹೇಳುತ್ತಿದ್ದಾಳೆ ಎಂದೇ ತಿಳಿದರು.

‘ಇರ್ಲಿ, ಸುಮ್ಮಾಗು’ ಎಂದು ಮೊರ ಎಳೆದುಕೊಂಡು ಕಾಳು ಸುರುವಿ ಆರಿಸತೊಡಗಿದರು. ಒಂದೊಂದು ಕಾಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ತೂತು ಬಿದ್ದದ್ದನ್ನು ಎಡಕ್ಕೂ ಇಡಿಯಾಗಿದ್ದದ್ದನ್ನು ಬಲಕ್ಕೂ ಹಾಕಿದರು.

‘ಚೊಲೋವು ನಿನ್ನ ಮಷಿನ್ನಿಗಿ’ ಎಂದರು. ‘ಹುಳ ತಿಂದವು ನಮ್ಮ ಬ್ಯಾಳಿಗಿ.’

ಆ ಮಷಿನ್ನಿನ ಹತ್ತಿರ ಇನ್ನು ನನಗೆ ಕೆಲಸವಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಮೊರದ ಈ ಕಡೆ ಕುಳಿತು ನಾನೂ ಆರಿಸಿದೆ. ಕತ್ತಲಾಗುವ ಮುಂಚೆ ಬಲಗಡೆ ಒಂದು ಬೊಗಸೆಯಷ್ಟು ಆಯಿತು, ಅತ್ತೆ ಅದನ್ನು ತಮ್ಮ ಹೊಸ ಕುಪ್ಪಸದ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು.